ತಾರಾಲಯದಲ್ಲಿ ಮೈಕು ಹಿಡಿಯುವ ನನ್ನ ತಮ್ಮ

ನನ್ನ ತಮ್ಮನಿಗೆ ತಾರಾಲಯದಲ್ಲಿ ಕೆಲಸ. ಗುಮ್ಮಟದಂಥ ಹಾಲಿನಲ್ಲಿ ದೀಪ ಆರಿಸಿ, ಚಾವಣಿಯ ತುಂಬ ನಕ್ಷತ್ರ ಬಿಟ್ಟು, ಕತ್ತಲಲ್ಲಿ ಮೈಕು ಹಿಡಿದು ವಿವರಿಸುವುದು. ಮದುವೆಯಾಗಲಿಲ್ಲ, ಆ ಮೈಕೇ ಅವನ ಸಂಸಾರ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಅವನ ಮನೆಯಲ್ಲೇ ಇದ್ದೇನೆ. ಗ್ಯಾಸ್ ಮುಗಿಯಿತಾ ನೋಡೋ ಎಂದರೆ ಸಿಲಿಂಡರನ್ನು ಎತ್ತಿ, ಅಲ್ಲಾಡಿಸಿ, "ಮುಗಿದಿರಬಹುದು" ಎನ್ನುವ ಆಸಾಮಿ. ನೆಂಟರೆಲ್ಲ ಅವನನ್ನು ಕರೆಯುವುದೇ "ಇರಬಹುದಪ್ಪ" ಎಂದು.

ಹೋದ ವರ್ಷ ದೂರದ ಯಾವುದೋ ಗ್ರಹದಲ್ಲಿ ಜೀವದ ಸುಳಿವು ಸಿಕ್ಕಿತೆಂದು ಟೀವಿಯಲ್ಲೆಲ್ಲ ಬಂತು. ಅಲ್ಲಿಂದ ಬಂದ ಬೆಳಕಿನಲ್ಲಿ, ಇಲ್ಲಿ ಜೀವಿಗಳು ಬಿಡುವಂಥ ಒಂದು ಅನಿಲದ ಗುರುತು ಕಂಡಿತಂತೆ. ತಾರಾಲಯದ ಮ್ಯಾನೇಜರು ಆವತ್ತೇ ಬಾಗಿಲಿಗೆ "ಜೀವ ಸಿಕ್ಕಿತು!" ಎಂದು ದೊಡ್ಡ ಬ್ಯಾನರು ಕಟ್ಟಿಸಿ, ತಮ್ಮನನ್ನು ಕರೆದರು.

"ಭಾನುವಾರ ಹಾಲ್ ತುಂಬುತ್ತೆ. ಜೀವ ಸಿಕ್ಕಿದೆ ಅಂತ ಗಟ್ಟಿಯಾಗಿ ಹೇಳಿ. ಇರಬಹುದು ಗಿರಬಹುದು ಅಂತ ರಾಗ ಎಳೆದ್ರೆ, ಆಮೇಲಿಂದ ನಿಮ್ಮ ಬದಲು ರೆಕಾರ್ಡ್ ಮಾಡಿದ ಟೇಪ್ ಹಾಕ್ತೀನಿ. ನೀವು ಬಾಗಿಲಲ್ಲಿ ಟಿಕೆಟ್ ಹರೀರಿ."

ಮನೆಗೆ ಬಂದವನಿಗೆ ಊಟ ಸೇರಲಿಲ್ಲ.

"ಹೇಳಿಬಿಡೋ, ನಿನ್ನ ಗಂಟೇನು ಹೋಗುತ್ತೆ?" ಎಂದೆ.

"ಆ ಅನಿಲ ಜೀವ ಇಲ್ಲದೇನೂ ಹುಟ್ಟಬಹುದು ಅಕ್ಕ. ಗುರುತೇ ಮಸುಕು, ಅಳೆದವರಲ್ಲೇ ಜಗಳ ಇದೆ. ಅಲ್ಲಿ ಏನಾದ್ರೂ ಇರಲಿ ಅಂತ ನಂಗೂ ತುಂಬಾ ಆಸೆ. ಅದಕ್ಕೇ ಭಯ. ಆಸೆ ಇದ್ದಾಗ ಕಣ್ಣಿಗೆ ಬೇಕಾದ್ದೇ ಕಾಣುತ್ತೆ."

ಭಾನುವಾರ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಮ್ಯಾನೇಜರು ಕೈ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದರು. ತಮ್ಮ ಟಾರ್ಚಿನ ಬೆಳಕಿನ ಬಾಣವನ್ನು ಒಂದು ಚುಕ್ಕಿಯ ಪಕ್ಕ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, "ಇದನ್ನ ಸುತ್ತೋ ಗ್ರಹದಲ್ಲಿ ಜೀವ ಇದೆಯೋ ಇಲ್ವೋ, ಇನ್ನೂ ಗೊತ್ತಿಲ್ಲ" ಎಂದುಬಿಟ್ಟ.

"ಮತ್ತೆ ಅಷ್ಟುದ್ದ ಬ್ಯಾನರ್ ಯಾಕ್ರೀ ಕಟ್ಟಿದ್ರಿ?" ಎಂದು ಕತ್ತಲಲ್ಲಿ ಯಾರೋ ಗದರಿದರು.

"ಸ್ವಾಮಿ, ಎದುರು ಮನೆ ಕಿಟಕೀಲಿ ದೀಪ ಉರೀತಿದೆ ಅಂತಿಟ್ಕೊಳ್ಳಿ. ಒಳಗೆ ಜನ ಇದ್ದಾರೋ, ಆರಿಸೋದು ಮರೆತು ಹೋಗಿದ್ದಾರೋ? ಕೂತಲ್ಲಿಂದ್ಲೇ ಹೇಳಿ ನೋಡೋಣ."

"ನಮ್ಮನೇಲಾದ್ರೆ ಮರೆತೇ ಹೋಗಿರ್ತಾಳೆ!" ಎಂದಿತು ಮೊದಲು ಗದರಿದ ದನಿ.

"ಯಾರು, ನಾನಾ?" ಎಂದು ಆತನ ಪಕ್ಕದಿಂದಲೇ ಹೆಂಗಸಿನ ದನಿ ಎದ್ದಿತು. "ನೀವು ಬಿಟ್ಟು ಬಂದ ಬಚ್ಚಲ ದೀಪ ದಿನಾ ಆರಿಸೋದು ಯಾರ್ರೀ?"

ಹಾಲೆಲ್ಲ ಗೊಳ್ಳೆಂದಿತು. ಆಮೇಲೆ ತಡೆಯುವವರೇ ಇಲ್ಲ. ಕಿಟಕಿಯಲ್ಲಿ ನೆರಳು ಆಡಿದರೆ ಜನ ಇದ್ದಂತಲ್ಲವೇ ಎಂದು ಒಬ್ಬರು, ಅದು ಗಾಳಿಗೆ ಆಡುವ ಪರದೆಯೂ ಇದ್ದೀತು ಎಂದು ಇನ್ನೊಬ್ಬರು. ದೀಪ ಹಾಕಿದರೂ ಜನ ಏಳಲೊಲ್ಲರು. ಹೊರಗೆ ಮುಂದಿನ ಆಟದವರು ಬಾಗಿಲು ಬಡಿಯುತ್ತಿದ್ದರು.

ಮ್ಯಾನೇಜರು ತಲೆ ಕೆರೆದುಕೊಳ್ಳುತ್ತ ಮೈಕಿನ ಹತ್ತಿರ ಬಂದರು.

"ಏನ್ರೀ ಇದು, ಜೀವ ಇಲ್ಲ ಅಂದ್ರೂ ಜನ ಕದಲ್ತಿಲ್ಲವಲ್ಲ!"

"ಇಲ್ಲ ಅಂದಿಲ್ಲ ಸಾರ್. ಗೊತ್ತಿಲ್ಲ ಅಂದೆ."

"ಸರಿ ಮಹಾರಾಯ, ಟೇಪಿನ ಮಾತು ಬಿಡಿ, ಅದನ್ನೇ ಹೇಳಿ. ಆದ್ರೆ ಇವರನ್ನ ಮೊದಲು ಹೊರಗೆ ಕಳಿಸಿ!"