ಎರಡೂ ಒಂದೇ ಊರು ಎಂದು ಪ್ರಮಾಣ ಮಾಡಿದೆ

“ಎಂತ ಡಾಕ್ಟ್ರೇ, ಮಧ್ಯದಲ್ಲಿ ಕಾಲೇಜು ಬದಲ್ಸಿದ್ದೀರಲ್ಲ, ಅದರ ವರ್ಗಾವಣೆ ಪತ್ರ ಎಲ್ಲಿ?”

ಶಿರಸಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಲು ಹೋಗಿದ್ದೆ. ಕಡತ ನೋಡುವ ಹೆಗಡೆಯವರು ನನ್ನ ಅಂಕಪಟ್ಟಿಗಳನ್ನು ಮೇಜಿನ ಮೇಲೆ ಹರಡಿದ್ದರು. ನಾನು ವೈದ್ಯಕೀಯ ಓದಿದ್ದು ಕಝಾಕಿಸ್ತಾನದ ರಾಜಧಾನಿಯಲ್ಲಿ. ಮೊದಲ ಪಟ್ಟಿಯಲ್ಲಿ ಊರು ಅಸ್ತಾನಾ, ನಡುವಿನವುಗಳಲ್ಲಿ ನೂರ್-ಸುಲ್ತಾನ್, ಪದವಿ ಪತ್ರದಲ್ಲಿ ಮತ್ತೆ ಅಸ್ತಾನಾ.

“ನಾನು ಎಲ್ಲಿಗೂ ಹೋಗಿಲ್ಲ ಸರ್, ಊರಿನ ಹೆಸರೇ ಹೋಗಿ ಬಂತು” ಎಂದೆ. ಸ್ವಾತಂತ್ರ್ಯ ಬಂದಾಗಿನಿಂದ ಆಳಿದ ಅಧ್ಯಕ್ಷರು ಕೆಳಗಿಳಿದ ಕೂಡಲೇ ಹೊಸ ಅಧ್ಯಕ್ಷರು ರಾಜಧಾನಿಗೆ ಅವರ ಹೆಸರಿಟ್ಟಿದ್ದರು. ಆಮೇಲೆ ಬೀದಿಯಲ್ಲಿ ಗಲಭೆಯೆದ್ದು ಹಳಬರ ಬಲ ಕುಸಿದಾಗ, ಇಟ್ಟವರೇ ತೆಗೆದರು.

ಹೆಗಡೆಯವರು ಎಲ್ಲವನ್ನೂ ಗಂಭೀರವಾಗಿ ಕೇಳಿದರು. “ಹಂಗಾರೆ ಆ ಅಧ್ಯಕ್ಷರ ಹತ್ರನೇ ಒಂದು ಪತ್ರ ತಗಂಡು ಬನ್ನಿ.”

ಇಲ್ಲಿನ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಿ ಗಳಿಸಿದ ಮೊದಲ ಕೆಲಸ ಕೈತಪ್ಪಿತೆಂದು ನನಗೆ ಅಳುವೇ ಬಂತು. ಅದನ್ನು ನೋಡಿ ಅವರೇ ನೋಟರಿಯ ಬಳಿ ಕಳಿಸಿದರು. ಅಲ್ಲಿನ ಟೈಪಿಸ್ಟ್ ರೂಢಿಯಂತೆ, “ಊರಿನ ತಂದೆಯ ಹೆಸರು?” ಎಂದು ಕೇಳಿ ತಾನೇ ನಾಲಿಗೆ ಕಚ್ಚಿಕೊಂಡಳು. ಅಸ್ತಾನಾ, ನೂರ್-ಸುಲ್ತಾನ್ ಎರಡೂ ಒಂದೇ ಊರು ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಸಹಿ ಹಾಕಿದೆ. ಮರುದಿನ ಕೆಲಸಕ್ಕೆ ಸೇರಿದೆ.

ಅಸ್ತಾನಾದಲ್ಲಿ ಓದುವಾಗ ನನಗೆ ಕೋಣೆ ಕೊಟ್ಟಿದ್ದ ಅಜ್ಜಿ ಹುಟ್ಟಿದಾಗಿನಿಂದ ಆ ಊರಿನಲ್ಲೇ ಇದ್ದರು. ಹೆಸರಿಡುವಾಗಲೂ ತೆಗೆಯುವಾಗಲೂ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅದಕ್ಕೆ ಸಹಿ ಬೇಕೆಂದು ಕೇಳಿದ್ದು ಯಲ್ಲಾಪುರದ ನನ್ನನ್ನು ಮಾತ್ರ.