ಬಚ್ಚಲುಮನೆಯ ಹಿಡಿಕೆ

ನಮ್ಮನೆಯವರು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಆದರೆ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಇಂಜಿನಿಯರ್ ಎಂದು. ಅದು ಹೊಗಳಿಕೆಯೋ ಗೇಲಿಯೋ ಎಂದು ಆ ಪುಣ್ಯಾತ್ಮ ಒಂದು ದಿನವೂ ಯೋಚಿಸಿದವರಲ್ಲ. ಕರೆದವರ ಕಡೆ ತಿರುಗಿ ಹಲ್ಲು ಬಿಡುತ್ತಾರೆ. ಹಿತ್ತಿಲಲ್ಲಿ ಸಾಮಾನು ಇಡಲೆಂದು ಕಟ್ಟಿಸಿದ ಕೋಣೆ ಈಗ ಅವರ ಕಾರ್ಖಾನೆ. ಗರಗಸ, ಉಳಿ, ಡ್ರಿಲ್ ಮಷೀನು, ಹಾಲಿನ ಪುಡಿಯ ಡಬ್ಬಿಗಳ ತುಂಬ ಮೊಳೆ, ಸ್ಕ್ರೂ. ನಾನು ಮುಂಬಾಗಿಲಿನಿಂದ ಹೊರಗೆ ಹಾಕಿದ ಮುರುಕು ಕುರ್ಚಿ ಹಿಂಬಾಗಿಲಿನಿಂದ ಒಳಗೆ ಬಂದು ಕೂತಿರುತ್ತದೆ.

ಕೆಲಸ ಬಾರದವರು ಎಂದು ನಾನು ಹೇಳುವುದಿಲ್ಲ. ಎದುರು ಮನೆಯ ನರ್ಸಮ್ಮನಿಗೆ ಮಾಡಿಕೊಟ್ಟ ಚಪ್ಪಲಿ ಸ್ಟ್ಯಾಂಡು, ಮೂಲೆಯಂಗಡಿಯ ದರ್ಜಿಗೆ ಮಾಡಿಕೊಟ್ಟ ದಾರದುಂಡೆಗಳ ಗೂಡು, ಎರಡನ್ನೂ ನೋಡಿದರೆ ಬಡಗಿಗಳೂ ತಲೆದೂಗಬೇಕು. ನನ್ನ ಅಡುಗೆಮನೆಯ ಕಪಾಟಿಗೆ ಮಾತ್ರ ಬಾಗಿಲಿಲ್ಲ. ಏಕೆಂದರೆ ಅವರದೊಂದು ಪದ್ಧತಿ: ಹೊಸದಕ್ಕೆ ಕೈ ಹಾಕುವ ಮೊದಲು ಹಳೆಯದನ್ನು ಕಿತ್ತು ಹಾಕಬೇಕು. ಹಳೆಯದು ಕಣ್ಣ ಮುಂದಿದ್ದರೆ ಕೈ ಸೋಮಾರಿಯಾಗುತ್ತದಂತೆ! ಕಪಾಟಿನ ಬಾಗಿಲು ಕಿತ್ತು ವರ್ಷಗಳಾದವು. ಕೇಳಿದರೆ "ಒಳ್ಳೇ ಮರ ಸಿಗ್ಲಿ ಇರೇ" ಎನ್ನುತ್ತಾರೆ. ಮನೆಗೆ ಮಾರಿ, ಊರಿಗೆ ಉಪಕಾರಿ.

ಈ ಮಾತನ್ನು ನಮ್ಮತ್ತೆಯ ಎದುರು ಆಡುವ ಹಾಗಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. "ಕುಡಿಯಲ್ಲ, ಇಸ್ಪೀಟಾಡಲ್ಲ, ಮನೇಲೇ ಇರ್ತಾನೆ. ಇನ್ನೇನೇ ಬೇಕು ನಿಂಗೆ?" ಎಂದು ನನ್ನನ್ನೇ ಗದರುತ್ತಿದ್ದರು. ನನಗೂ ಮೂಗಿನ ತುದಿಯಲ್ಲೇ ಕೋಪ. "ಬಾಗಿಲು ಬೇಕು ಅತ್ತೆ" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಆಗ ನಗುವಷ್ಟು ಚೆನ್ನಾಗಿಯೇ ಇದ್ದೆವು.

ನಮ್ಮ ಬಚ್ಚಲುಮನೆಯ ಗೋಡೆಯಲ್ಲಿ ಒಂದು ಹಳೆಯ ಕಬ್ಬಿಣದ ಪೈಪಿತ್ತು. ಅದರಲ್ಲಿ ನೀರು ಬರುವುದು ಯಾವ ಕಾಲದಲ್ಲೋ ನಿಂತಿತ್ತು. ಆದರೆ ಅತ್ತೆ ಸ್ನಾನಕ್ಕೆ ಕೂರುವುದೂ ಏಳುವುದೂ ಅದನ್ನು ಹಿಡಿದುಕೊಂಡೇ. ತುಕ್ಕು ಹಿಡಿದಿದ್ದರೂ ಅವರು ಹಿಡಿಯುವ ಜಾಗ ಮಾತ್ರ ಸವೆದು ನುಣ್ಣಗಾಗಿತ್ತು. ಒಂದು ಭಾನುವಾರ ಇವರ ಕಣ್ಣು ಅದರ ಮೇಲೆ ಬಿತ್ತು.

"ಅಮ್ಮ ಈ ದರಿದ್ರ ಪೈಪ್ ಹಿಡ್ಕೊಂಡು ಏಳೋದಾ? ತೇಗದ ಮರದ್ದು ಒಂದು ಹಿಡಿಕೆ ಮಾಡ್ತೀನಿ, ನೋಡ್ತಿರು."

"ಮಾಡಿ, ಬೇಡ ಅಂದೋರ್ಯಾರು? ಅದು ಆದ್ಮೇಲೆ ಇದನ್ನ ತೆಗೀರಿ."

"ಗೋಡೆ ಖಾಲಿ ಇಲ್ದೆ ಅಳತೆ ಹೆಂಗೇ ತಗೊಳ್ಳಿ?"

ಗಿಣಿಗೆ ಹೇಳಿದ ಹಾಗೆ ಹೇಳಿದೆ. ಕೇಳಲಿಲ್ಲ. ಅಂದೇ ಪೈಪನ್ನು ಕುಯ್ದು ತೆಗೆದು, ಗೋಡೆಗೆ ಸಿಮೆಂಟು ಮೆತ್ತಿದರು. ಆ ಪೈಪನ್ನಾದರೂ ಬಿಟ್ಟರೇ? ಬಣ್ಣ ಹೊಡೆದು, ಬಲ್ಬು ಸಿಕ್ಕಿಸಿ, ನಡುಮನೆಗೆ ದೀಪದ ಕಂಬ ಮಾಡಿದರು. ಅದು ಮಾತ್ರ ಎರಡೇ ಸಂಜೆಯಲ್ಲಿ ಮುಗಿಯಿತು.

ಹಿಡಿಕೆ ಮುಗಿಯಲಿಲ್ಲ. ಅದರ ನಕ್ಷೆ ಬರೆದದ್ದೇನು, ಬೆರಳು ಕೂರಲು ತಗ್ಗು ತೆಗೆದದ್ದೇನು, ಉಪ್ಪುಕಾಗದದಲ್ಲಿ ಉಜ್ಜಿದ್ದೇ ಉಜ್ಜಿದ್ದು. ಆಮೇಲೆ ವಾರ್ನಿಷ್, ಅದು ಒಣಗುವುದು, ಮತ್ತೆ ಉಜ್ಜುವುದು, ಮತ್ತೆ ವಾರ್ನಿಷ್. ನಾನು ತಡೆಯಲಾರದೆ ಪೇಟೆಗೆ ಹೋಗಿ ಒಂದು ಸ್ಟೀಲ್ ಹಿಡಿಕೆ ಕೊಂಡು ತಂದೆ. ನಾಲ್ಕು ಸ್ಕ್ರೂ ಹಾಕಿದ್ದರೆ ಆಗುತ್ತಿತ್ತು. ಅದನ್ನು ನೋಡಿ ಇವರು ಕೆಂಡಾಮಂಡಲವಾದರು.

"ಇಡೀ ಬೀದಿಗೆ ಮಾಡಿಕೊಡೋನು ನಾನು, ನನ್ನ ತಾಯಿಗೆ ಅಂಗಡೀದಾ? ಮಾನ ಕಳೀಬೇಕು ಅಂತಾನೇ ತಂದ್ಯಾ?"

ಮರುದಿನ ಅದನ್ನು ಅಂಗಡಿಗೆ ವಾಪಸು ಕೊಟ್ಟು ಬಂದರು. ನಾನು ಜಗಳಕ್ಕೆ ನಿಂತೆ. ಅತ್ತೆಯೇ ನನ್ನ ಬಾಯಿ ಮುಚ್ಚಿಸಿದರು. "ಬಿಡೇ, ಆಸೆಪಟ್ಟು ಮಾಡ್ತಿದಾನೆ. ಅಲ್ಲೀವರೆಗೆ ನೀನಿದ್ದೀಯಲ್ಲ, ನಿನ್ನ ಕೈ ಹಿಡ್ಕೋತೀನಿ."

ಹಾಗೆಯೇ ನಡೆಯಿತು. ದಿನಾ ನಾನೇ ಕೂರಿಸಿ, ನಾನೇ ಎಬ್ಬಿಸುತ್ತಿದ್ದೆ. ಆ ದಿನ ಬೆಳಿಗ್ಗೆ ಗ್ಯಾಸಿನವನು ಬಾಗಿಲು ಬಡಿದ. "ಹೋಗು, ನಾನು ಕೂಗ್ತೀನಿ" ಎಂದರು ಅತ್ತೆ. ಸಿಲಿಂಡರು ಒಳಗಿಡಿಸುತ್ತಿದ್ದಾಗ ಬಕೆಟ್ಟು ಉರುಳಿದ ಸದ್ದಾಯಿತು. ಓಡಿದೆ. ಮುಖದ ತುಂಬ ಸೋಪಿನ ನೊರೆ, ಕಾಲು ಸೊಟ್ಟಗೆ ಮಡಚಿಕೊಂಡು ನೆಲದ ಮೇಲೆ ಬಿದ್ದಿದ್ದರು. ಆಸ್ಪತ್ರೆಯಲ್ಲಿ ನನ್ನೊಬ್ಬಳ ಹತ್ತಿರ ಹೇಳಿದರು: "ಕಣ್ಣಿಗೆ ಸೋಪು ಹೋಯ್ತು ಕಣೇ. ಕೈ ಅದರ ಪಾಡಿಗೆ ಪೈಪ್ ಹತ್ರ ಹೋಯ್ತು. ಮೈಭಾರ ಎಲ್ಲಾ ಅದರ ಮೇಲೇ ಬಿಟ್ಟೆ. ಅಲ್ಲಿ ಏನೂ ಇರ್ಲಿಲ್ಲ."

ಸೊಂಟದ ಮೂಳೆ ಮುರಿದಿತ್ತು. ಇನ್ನು ಎದ್ದು ಓಡಾಡುವುದು ಕಷ್ಟ ಎಂದು ಡಾಕ್ಟರು ಇವರ ಎದುರೇ ಹೇಳಿದರು. ಇವರು ಏನು ಮಾಡಿದರು ಗೊತ್ತೇ? ಅತ್ತೆ ಮನೆಗೆ ಬರುವಷ್ಟರಲ್ಲಿ ಹಿಡಿಕೆಯನ್ನು ಬಚ್ಚಲ ಗೋಡೆಗೆ ಕೂರಿಸಿದ್ದರು! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅತ್ತೆ ಮಂಚ ಬಿಟ್ಟು ಇಳಿಯಲಿಲ್ಲ. ಆ ಹಿಡಿಕೆಯ ಮೇಲೆ ನಾನು ಒದ್ದೆ ಟವಲು ಹಾಕುತ್ತೇನೆ.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ನೋಡಲು ಬಂದವರಿಗೆಲ್ಲ ಇವರು ಹೇಳುವ ಮಾತಿತ್ತಲ್ಲ, ಅದು ಗಂಟಲಲ್ಲಿ ಇಳಿಯಲಿಲ್ಲ. "ವಯಸ್ಸಾಯ್ತು ನೋಡಿ, ಜಾರಿಬಿಟ್ರು." ಪೈಪಿನ ಸುದ್ದಿಯೇ ಇಲ್ಲ. ಬಂದವರು ಬಚ್ಚಲಿಗೆ ಹೋಗಿ ಕೈ ತೊಳೆದು, "ಎಂಥಾ ಕೆಲಸ ಸಾರ್, ನಮಗೂ ಒಂದು ಮಾಡಿಕೊಡಿ" ಎನ್ನುತ್ತಿದ್ದರು. ನರ್ಸಮ್ಮನಿಗೆ ಆಗಲೇ ಒಂದು ಮಾಡಿಕೊಟ್ಟೂ ಆಯಿತು.

ಕೊನೆಗೆ ನನ್ನ ನಾದಿನಿ ಬಂದಳು, ಇವರ ತಂಗಿ. ತಾಯಿಯ ಕಾಲು ಸವರಿ ಅತ್ತು, ಮೂಗೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅತ್ತಿಗೆ, ಈ ವಯಸ್ಸಲ್ಲಿ ಅಮ್ಮನ್ನ ಒಬ್ರನ್ನೇ ಸ್ನಾನಕ್ಕೆ ಬಿಡೋದಾ? ಸ್ವಲ್ಪ ನೋಡ್ಕೋಬಾರದಿತ್ತಾ?"

ನನಗೆ ಮೈಯೆಲ್ಲ ಉರಿಯಿತು. ಇವರ ಮುಖ ನೋಡಿದೆ. ಈಗಲಾದರೂ ಒಂದು ಮಾತು ಹೇಳಲಿ, ಪೈಪು ಕಿತ್ತವನು ನಾನು ಎನ್ನಲಿ, ಅಷ್ಟು ಸಾಕು ನನಗೆ. ಅವರು ಉಗುರಿನ ಸಂದಿಯ ವಾರ್ನಿಷ್ ಕೆರೆಯುತ್ತಾ ನಿಂತಿದ್ದರು. ನಾನೇ ಹೇಳಿಬಿಡೋಣವೆಂದು ಬಾಯಿ ತೆರೆದೆ.

ಅಷ್ಟರಲ್ಲಿ ಮಂಚದಿಂದ ಅತ್ತೆಯ ದನಿ ಬಂತು. "ಅವಳನ್ನ ಏನೂ ಅನ್ಬೇಡ. ಯಾರ ತಪ್ಪೂ ಇಲ್ಲ. ನನಗೇ ಕಣ್ಣು ಮಂಜು, ನಾನೇ ಜಾರಿದೆ."

ನಾದಿನಿ ಟೀ ಕುಡಿದು, ಅಣ್ಣನಿಗೆ ಧೈರ್ಯ ಹೇಳಿ ಹೊರಟಳು. ಅವಳನ್ನು ಗೇಟಿನವರೆಗೆ ಬಿಟ್ಟು ಬಂದ ಇವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು. ನಾನು ಗಂಜಿ ಹಿಡಿದು ನಿಂತಿದ್ದೆ.

"ಬಾಮ್ಮಾ, ನಾನು ಎತ್ತಿ ಕೂರಿಸ್ತೀನಿ" ಎಂದು ತಾಯಿಯ ಕಂಕುಳಿಗೆ ಕೈ ಹಾಕಲು ಬಗ್ಗಿದರು.

"ನೀನು ಬೇಡ."

ಅತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿನ್ನ ತಂಗಿ ಮುಂದೆ ನಿನ್ನ ಮಾನ ಉಳಿಸಿದೆ ಮಗಾ. ಹೆತ್ತಿದೀನಿ, ಉಳಿಸ್ಲೇಬೇಕು. ಆದ್ರೆ ನಿನ್ನ ಹಿಡ್ಕೊಂಡು ಏಳೋಕೆ ನಂಗೆ ಭಯ ಆಗುತ್ತಪ್ಪಾ."

ಅವರು ಬಗ್ಗಿದವರು ಹಾಗೇ ನಿಂತುಬಿಟ್ಟರು. ನಾನು ಗಂಜಿಯ ಬಟ್ಟಲನ್ನು ಅವರ ಕೈಗೆ ಕೊಟ್ಟು, ಅತ್ತೆಯನ್ನು ಎತ್ತಿ ಕೂರಿಸಿದೆ.