ಅಳತೆ ಪುಸ್ತಕದ ಫೋಟೋಗಳು

ಹಳೆಯ ಕೋಟಿನ ತೋಳು ಗಿಡ್ಡ ಮಾಡಿಸಲೆಂದು ನಾನು ಮೊದಲ ಸಲ ಆ ಹೊಲಿಗೆಯಂಗಡಿಯ ಮೆಟ್ಟಿಲು ಹತ್ತಿದೆ. ಬಾಗಿಲಷ್ಟೇ ಅಗಲದ ಅಂಗಡಿ. ಒಂದು ಯಂತ್ರ, ಒಂದು ಸ್ಟೂಲು. ಬೀದಿಗೆ ಬಂದು ಆರೇ ತಿಂಗಳಾಗಿದ್ದ ಆ ಹೆಂಗಸನ್ನು ಎಲ್ಲರೂ ಅಳತೆಯಕ್ಕ ಎನ್ನುತ್ತಿದ್ದರು.

"ವಯಸ್ಸಾದ್ರೆ ಮನುಷ್ಯ ಕುಗ್ತಾನೆ ಮೇಷ್ಟ್ರೇ, ಕೋಟು ಕುಗ್ಗಲ್ಲ ನೋಡಿ," ಎಂದು ನಕ್ಕಳು.

ಅಳತೆಯನ್ನೂ ನನ್ನ ಫೋನ್ ನಂಬರನ್ನೂ ಪುಸ್ತಕದಲ್ಲಿ ಬರೆದು, ಆ ಹಾಳೆಯ ಫೋಟೋ ತೆಗೆದಳು. "ಹೋದ ಊರಲ್ಲಿ ಪುಸ್ತಕ ನೆಂದು ಹಾಳಾಯ್ತು. ಅವತ್ತಿಂದ ಫೋಟೋನೇ ಗತಿ."

ನಾಲ್ಕು ದಿನ ಕಳೆದ ಮೇಲೆ ನನಗೊಂದು ಕರೆ ಬಂತು. ಮೃದುವಾದ ಗಂಡುದನಿ. "ಸಾರ್, ನಿಮ್ಮ ಕೋಟಿನ ತೋಳು ಇಪ್ಪತ್ಮೂರೂವರೆ ಅಲ್ವಾ? ಟೈಲರ್ ಅಕ್ಕನಿಗೆ ಬಟ್ಟೆ ತಂದಿದ್ದೆ, ಅಂಗಡಿ ದಾರಿ ತಪ್ತು."

ಅಳತೆ ಸರಿಯಿತ್ತು, ನಂಬಿದೆ. ಮೂವತ್ತೆಂಟು ವರ್ಷ ಪಾಠ ಹೇಳಿದವನಿಗೆ ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡುವ ಚಟ. ಊರು, ಬಸ್ ನಿಲ್ದಾಣ, ಔಷಧದಂಗಡಿ, ಎರಡನೆಯ ತಿರುವು, ನೀಲಿ ಬಾಗಿಲು, ಎಲ್ಲವನ್ನೂ ಹೇಳಿಬಿಟ್ಟೆ.

ಸಂಜೆ ಹೋದಾಗ ಅವಳು ನನ್ನ ಕೋಟನ್ನೇ ಹೊಲಿಯುತ್ತಿದ್ದಳು. "ಬಟ್ಟೆಯವನು ಬಂದನೇನಮ್ಮ?" ಎಂದು ಕೇಳಿ, ಕರೆಯ ವಿಷಯ ತಿಳಿಸಿದೆ. ಅವಳ ಕಾಲು ಪೆಡಲಿನ ಮೇಲೇ ಇತ್ತು. ಸೂಜಿ ತೋಳಿನ ಅಂಚು ದಾಟಿ ಬರಿಗಾಳಿಯನ್ನು ಹೊಲಿಯುತ್ತ ಹೋಯಿತು.

"ನನಗೆ ಬಟ್ಟೆ ತರೋರು ಯಾರೂ ಇಲ್ಲ ಮೇಷ್ಟ್ರೇ. ಅದು ನನ್ನ ಗಂಡ." ಎಡ ಅಂಗೈ ತೆರೆದು ತೋರಿಸಿದಳು. ಇಸ್ತ್ರಿಪೆಟ್ಟಿಗೆಯ ಮೂತಿ ಅಲ್ಲಿ ಅಚ್ಚೊತ್ತಿತ್ತು. "ಇದು ಮೂರನೇ ಊರು. ಪ್ರತಿ ಸಲ ಸಿಮ್ ಬದಲಾಯಿಸಿದೀನಿ. ಹೇಗೆ ಪತ್ತೆ ಹಚ್ತಾನೆ?"

ಪಕ್ಕದಲ್ಲಿ ಫೋನ್ ರಿಪೇರಿ ಮಾಡುವವಳನ್ನು ಕರೆದೆವು. ಅವಳು ಫೋನನ್ನು ತಿರುವಿ ಹಾಕಿ ತಲೆ ಚಚ್ಚಿಕೊಂಡಳು.

"ಅಕ್ಕಾ, ಈ ಫೋನಿನ ಅಕೌಂಟು ತೆರೆದುಕೊಟ್ಟಿದ್ದು ಯಾರು?"

"ಅವರೇ. ಮದುವೆಯಾದ ಹೊಸದ್ರಲ್ಲಿ."

"ಪಾಸ್‌ವರ್ಡೂ ಅವನದ್ದೇ. ಬೀದಿ ಬದಲಾಯಿಸಿದ್ದೀಯ, ಬೀಗದ ಕೈ ಅವನ ಜೇಬಲ್ಲೇ ಬಿಟ್ಟಿದ್ದೀಯ. ನೀನು ತೆಗೆದ ಒಂದೊಂದು ಫೋಟೋನೂ ಅವನ ಫೋನಿಗೂ ಹೋಗ್ತಿದೆ. ಪುಣ್ಯಕ್ಕೆ ಲೊಕೇಶನ್ ಆಫ್ ಇತ್ತು. ಅದಕ್ಕೇ ಗಿರಾಕಿಗಳಿಗೆ ಫೋನ್ ಹಚ್ಚಿ ದಾರಿ ಕೇಳಿದ್ದಾನೆ."

ಬೇರೆ ಯಾರೂ ಹೇಳಿರಲಿಲ್ಲ ಅವನಿಗೆ. ನಾನು ಹೇಳಿದ್ದೆ.

"ಈಗ್ಲೇ ಕಿತ್ತುಹಾಕೇ ಅದನ್ನ!" ಎಂದು ಅಳತೆಯಕ್ಕ ಫೋನಿಗೆ ಕೈ ಹಾಕಿದಳು.

"ತಡಿ. ಈಗ ಕಿತ್ರೆ ಅವನಿಗೆ ಗೊತ್ತಾಗಿ ಇನ್ನೂ ಬೇಗ ಓಡಿ ಬರ್ತಾನೆ. ಫೋನು ಇಲ್ಲೇ ಇರ್ಲಿ. ಮೊದಲು ನೀನು ಹೊರಡು. ಹೊಸ ಫೋನು, ಹೊಸ ಅಕೌಂಟು, ಪಾಸ್‌ವರ್ಡು ನಿನ್ನ ತಲೇಲಿ ಮಾತ್ರ. ವೈಫೈ ಹಾಕಿಸಿದ್ರೂ ಪಾಸ್‌ವರ್ಡು ನೀನೇ ಬದಲಾಯಿಸ್ಬೇಕು. ಹಳೇದು ಯಾವುದೂ ಜೊತೇಲಿ ಬೇಡ."

ಕತ್ತರಿ, ಟೇಪು, ಎರಡು ಸೀರೆ. ಕಂತು ಕಟ್ಟಿ ಕೊಂಡಿದ್ದ ಯಂತ್ರದ ಮೇಲೆ ಒಮ್ಮೆ ಕೈಯಾಡಿಸಿ, ಹಿಂಬಾಗಿಲಿಗೆ ನಡೆದಳು. "ಕ್ಷಮಿಸಮ್ಮ" ಎಂದೆ. "ಕೋಟು ಅರ್ಧಕ್ಕೇ ನಿಂತಿತಲ್ಲ ಮೇಷ್ಟ್ರೇ," ಎಂದು ಹೊರಟೇಹೋದಳು.

ಮರುದಿನ ಬೆಳಿಗ್ಗೆ ಅವನು ಬಂದ. ಮೆಟ್ಟಿಲ ಮೇಲೆ ಕುಳಿತು ಹೋಗಿಬರುವವರನ್ನೆಲ್ಲ ವಿಚಾರಿಸಿದ. ನನ್ನನ್ನೂ ಕೇಳಿದ, ಅದೇ ಮೃದು ದನಿ. "ಗೊತ್ತಿಲ್ಲ" ಎಂದೆ. ಅದು ನಿಜವೂ ಆಗಿತ್ತು. ಮೂರು ದಿನ ಕಾದು ಹೋದ.

ನನ್ನ ಕೋಟಿನ ಒಂದು ತೋಳು ಇಂದಿಗೂ ಉದ್ದವೇ. ಅವಳು ಯಾವ ಊರಿನಲ್ಲಿದ್ದಾಳೆಂದು ನಾನು ಕೇಳುವುದಿಲ್ಲ. ಕೇಳದಿರುವುದಷ್ಟೇ ನನ್ನಿಂದ ಆಗುವ ಉಪಕಾರ. ಎಂದಾದರೊಮ್ಮೆ ರಿಪೇರಿಯವಳು ಹೇಳುತ್ತಾಳೆ: ಯಾರದೋ ಅಂಗಡಿಯಲ್ಲಿ ಕೂಲಿಗೆ ಹೊಲಿಯುತ್ತಿದ್ದಾಳಂತೆ. ಪುಸ್ತಕವಿಲ್ಲ, ಫೋಟೋ ಇಲ್ಲ. ಗಿರಾಕಿಗೊಂದು ದಾರ ಹಿಡಿದು, ಭುಜಕ್ಕೊಂದು ಗಂಟು, ತೋಳಿಗೊಂದು ಗಂಟು ಹಾಕಿ ಮೊಳೆಗೆ ನೇತುಹಾಕುತ್ತಾಳಂತೆ. ಯಂತ್ರವನ್ನು ಬಾಗಿಲ ಕಡೆಗೆ ತಿರುಗಿಸಿಟ್ಟುಕೊಂಡಿದ್ದಾಳಂತೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದೊಡನೆ ಪೆಡಲು ನಿಲ್ಲುತ್ತದೆ.